ಹಾಸಿಗಾಗಿ ಕೊರೆದ ಗೋಡೆ

ಗಡಿಯಾಚೆ, ತೆಲುಗು ಸೀಮೆಯ ಗದ್ವಾಲಿನಲ್ಲಿ ನನ್ನ ಸೋದರಮಾವ ಕಟ್ಟಿಸುತ್ತಿರುವ ಏಳಂತಸ್ತಿನ ಸೀರೆ ಅಂಗಡಿಗೆ ಊರವರು ಆಗಲೇ ಗಗನಚುಂಬಿ ಎಂದು ಅಡ್ಡಹೆಸರಿಟ್ಟಿದ್ದಾರೆ. ಅದರ ನಕ್ಷೆ ನನ್ನದು. ನಾವಿಬ್ಬರೂ ಜಗಳಾಡಿದ್ದು ಒಂದೇ ವಿಷಯಕ್ಕೆ: ಲಿಫ್ಟ್ ಓಡಾಡಲು ನಟ್ಟನಡುವೆ ಎಬ್ಬಿಸಿದ ಕಾಂಕ್ರೀಟ್ ಗೋಡೆಗಳ ಗೂಡು. ಗಾಳಿಗೆ, ಭೂಮಿಯ ನಡುಕಕ್ಕೆ ಇಡೀ ಕಟ್ಟಡ ಆತುಕೊಳ್ಳುವುದು ಅದನ್ನೇ. ಮಾವನಿಗೆ ಅದು ಮೂಲೆಗೆ ಸರಿಯಬೇಕಿತ್ತು.

ಕಾರಣ ಹಾಸು. ಮಗ್ಗಕ್ಕೇರಿಸುವ ಮೊದಲು ಹಾಸನ್ನು, ಅಂದರೆ ಸೀರೆಯ ಉದ್ದದ ನೂಲುಗಳನ್ನೆಲ್ಲ, ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಸವರಿ ಒಣಗಿಸಬೇಕು. ನೇಕಾರರಾದ ನಮ್ಮವರು ಅದನ್ನು ಓಣಿಯಲ್ಲೇ ಮಾಡುತ್ತಿದ್ದರು. ಈಗ ಓಣಿ ತುಂಬ ಬೈಕು, ಆಟೋ. ಅದಕ್ಕೇ ನೆಲಮಹಡಿ ಈ ತುದಿಯಿಂದ ಆ ತುದಿಯವರೆಗೆ ಹಾಸು ಎಳೆಯಲೆಂದೇ ಖಾಲಿ ಇರಬೇಕೆಂದು ಮಾವನ ಹಟ.

ಗೂಡು ಸರಿಸಿದರೆ ಕಟ್ಟಡ ತಿರುಚಿಕೊಳ್ಳುತ್ತದೆ ಎಂದೆ. ಬರೆದು ತೋರಿಸಿದೆ, ತೆಲುಗಿನಲ್ಲೂ ಹೇಳಿದೆ. ಕೊನೆಗೆ ಸುಮ್ಮನಾದರು. ಒಪ್ಪಿದರು ಅಂದುಕೊಂಡೆ.

ಮಕ್ತಲ್‌ನಲ್ಲಿ ಬೇರೊಂದು ಕೆಲಸ ಮುಗಿಸಿ ಬರುವಷ್ಟರಲ್ಲಿ ನೆಲಮಹಡಿಯಲ್ಲಿ ಗೂಡಿನ ಎದುರುಬದುರು ಗೋಡೆಗಳಲ್ಲಿ ದೊಡ್ಡ ಕಿಂಡಿ ಕೊರೆಸಿದ್ದರು. ಒಳಗಿನ ಕಬ್ಬಿಣವನ್ನೂ ಕತ್ತರಿಸಿದ್ದರು. ಬಿಳಿ ಹಾಸು ಅದರೊಳಗಿಂದ ಹಾದು ಹೋಗಿತ್ತು. ಅತ್ತೆ ಕಿಂಡಿಯ ಪಕ್ಕದಲ್ಲೇ ಬಾಗಿ ಗಂಜಿ ಸವರುತ್ತಿದ್ದರು. ಲಿಫ್ಟ್ ಹೇಗೆ ಓಡೀತು ಎಂದರೆ, ಮೇಲಿನ ಮಹಡಿಯಿಂದ ಓಡಲಿ, ಕೆಳಗಿದ್ದವರಿಗೆ ಲಿಫ್ಟ್ ಯಾಕೆ ಎಂದರು ಮಾವ.

“ನೀ ಲಿಫ್ಟಿಗಂತ ದರವಾಜಿ ಇಟ್ಟಿಲ್ಲೇನು? ನಾನೂ ಒಂದು ಇಟ್ಟೀನಿ.”

ಲಿಫ್ಟಿನ ಬಾಗಿಲ ಸುತ್ತ ಹೆಚ್ಚಿನ ಕಬ್ಬಿಣ ಹಾಕಿದ್ದೇನೆ ಎಂದು ಹೇಳುತ್ತಿದ್ದಾಗಲೇ ಒಣ ಜೋಳದ ದಂಟು ಮುರಿದಂಥ ಸದ್ದು. ಕಿಂಡಿಯ ಮೂಲೆಯಿಂದ ಓರೆಯಾಗಿ ಬಿರುಕು ಮೇಲೇರಿತು. ಅತ್ತೆಯ ತೋಳು ಹಿಡಿದು ಎಳೆದೆ. ಅವರು ನಿಂತಿದ್ದ ಜಾಗಕ್ಕೆ ಕಾಂಕ್ರೀಟಿನ ಹೆಂಟೆ ಬಿತ್ತು. ಆ ಸದ್ದು ಈಗಲೂ ಊಟದ ನಡುವೆ, ಬಸ್ಸಿನಲ್ಲಿ, ಇದ್ದಕ್ಕಿದ್ದಂತೆ ಕೇಳುತ್ತದೆ.

ಕೆಲಸದವರು ಹೊರಗೋಡಿದರು. ಮಾವ ಮಾತ್ರ ಒಳಗಿನ ತುದಿಗೆ ಹೋಗಿ ಹಾಸಿನ ಗಂಟು ಬಿಚ್ಚುತ್ತಾ ನಿಂತರು, ಎಳೆ ಸಿಕ್ಕಾಗದಂತೆ, ನಿಧಾನಕ್ಕೆ. ಎಳೆದು ಕಟ್ಟಿದ ಹಾಸನ್ನು ನಮ್ಮಲ್ಲಿ ಯಾರೂ ಕಡಿಯುವುದಿಲ್ಲ. “ಮಾಮ, ಹೊರಗ ಬರ್ರಿ,” ಎಂದೆ. ಗಂಜಿ ಹಸಿ ಐತಿ, ತಡಿ, ಎಂದರು.

ಅತ್ತೆ ಸೊಂಟದಿಂದ ಕತ್ತರಿ ತೆಗೆದು ನಮ್ಮ ತುದಿಯಲ್ಲಿ ಹಾಸನ್ನು ಕಡಿದರು. ಒಂದೇಟಿಗೆ ಆಗಲಿಲ್ಲ, ಮತ್ತೆ ಮತ್ತೆ ಕಡಿದರು. ಬಿಗಿ ಹೋಯಿತು. “ಇನ್ನ ಯಾದಕ ನಿಂತೀರಿ ಅಲ್ಲಿ?” ಎಂದರು. ಮಾವ ಹೊರಗೆ ಬಂದರು. ಹೆಂಡತಿಯ ಮುಖ ನೋಡಲಿಲ್ಲ.

ಮೇಲಿನ ಭಾರಕ್ಕೆ ಕಬ್ಬಿಣದ ಕಂಬಗಳನ್ನು ಆನಿಸಿ ನಿಲ್ಲಿಸಿದೆ. ಗೋಡೆ ನಿಂತಿರುವುದು ಅವುಗಳ ಮೇಲೆ. ಆದರೆ ನಾರಾಯಣಪೇಟೆಯ ಮದುವೆಯೊಂದರಲ್ಲಿ ಮಾವ ನೆಂಟರಿಗೆಲ್ಲ ಹೇಳುತ್ತಿದ್ದರು: “ಗ್ವಾಡಿ ಬೀಳ್ತೈತಿ ಅಂದ್ಲು. ಎಲ್ಲಿ ಬಿತ್ತು? ಹೋಗಿದ್ದು ನನ್ನ ಹಾಸು.”

ನಿನ್ನೆ ಮಾವ ಫೋನ್ ಮಾಡಿದ್ದರು. ಕಿಂಡಿ ಮುಚ್ಚಲು ಒಪ್ಪಿದ್ದಾರಂತೆ. ಸಣ್ಣದೊಂದು ಮಾತ್ರ ಬಿಡಬೇಕಂತೆ.

ಸಣ್ಣದೆಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ಅಲ್ಲಿಂದಲೇ ಶುರು.