ಮೊಡವೆ ನೋಡಿ ಕಾಳು ಹೇಳುವ ಧನಲಕ್ಷ್ಮಿ

ಬೆಳಗ್ಗೆ ಆರೂವರೆ. ಆನವಟ್ಟಿ ಬಸ್ ನಿಲ್ದಾಣದ ಎದುರಿನ ಮೆಡಿಕಲ್ ಶಾಪಿನ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಮೆಟ್ಟಿಲ ಮೇಲೆ ಮೂವರು ಕಾಯುತ್ತಿದ್ದಾರೆ. ಒಬ್ಬ ಟವೆಲಿನಲ್ಲಿ ಮುಖ ಸುತ್ತಿಕೊಂಡಿದ್ದಾನೆ. ಒಬ್ಬಳ ದುಪಟ್ಟಾದಿಂದ ಕಣ್ಣೆರಡು ಮಾತ್ರ ಹೊರಗಿವೆ. ಮೂರನೆಯವನು ಹೆಲ್ಮೆಟ್ ತೆಗೆದಿಲ್ಲ, ಬೈಕಂತೂ ಸುತ್ತಮುತ್ತ ಎಲ್ಲೂ ಇಲ್ಲ. ಪರವೂರಿನವರು ನೋಡಿದರೆ ಅಂಗಡಿಗೆ ಕನ್ನ ಹಾಕಲು ಬಂದವರೆಂದು ಪೊಲೀಸರಿಗೆ ಫೋನ್ ಮಾಡಿಯಾರು. ಊರಿನವರಿಗೆ ಗೊತ್ತು, ಇದು ಮೊಡವೆಯವರ ಹೊತ್ತು.

ಕಸ ಗುಡಿಸುತ್ತಿದ್ದ ಧನಲಕ್ಷ್ಮಿ ಪೊರಕೆಯನ್ನು ಮೂಲೆಗಿಟ್ಟು ಹೊರಗೆ ಬರುತ್ತಾರೆ. ಹೆಲ್ಮೆಟ್ ತೆಗೆಸಿ, ಹುಡುಗನ ಗಲ್ಲ ಹಿಡಿದು ಮುಖವನ್ನು ಮೂಡಣಕ್ಕೆ ತಿರುಗಿಸುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಮೊಡವೆಯೂ ಹಣ್ಣಾದಂತೆ ಕಾಣುತ್ತದೆ, ಎಳೆಬಿಸಿಲು ಮಾತ್ರ ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ನಂಬಿಕೆ. ಒಂದು ನಿಮಿಷವೂ ಹಿಡಿಯದೆ ತೀರ್ಪು ಬರುತ್ತದೆ.

"ಇದು ಸಾಸಿವಿ. ದಿನಕ್ಕ ಎರಡು ಸಲ ಮುಖ ತೊಳಿ, ಹತ್ತು ಸಲ ಬ್ಯಾಡ. ತಲಿ ಎಣ್ಣಿ ಹಣಿಗೆ ಇಳೀಬಾರ್ದು. ಹಿಚುಕಿದ್ಯೋ, ಮತ್ತ ಇಲ್ಲಿಗೆ ಬರಬ್ಯಾಡ."

ಹುಡುಗ ಪೆಚ್ಚಾಗುತ್ತಾನೆ. ಅಷ್ಟು ದೂರದಿಂದ ಹೆಲ್ಮೆಟ್ ಹೊತ್ತು ನಡೆದು ಬಂದವನಿಗೆ ಒಂದು ಟ್ಯೂಬಾದರೂ ಸಿಗಬೇಡವೇ? ಸಿಗುವುದಿಲ್ಲ. ಧನಲಕ್ಷ್ಮಿ ಆಗಲೇ ದುಪಟ್ಟಾದ ಕಡೆ ತಿರುಗಿದ್ದಾರೆ.

ಅವರ ಲೆಕ್ಕದಲ್ಲಿ ಮೊಡವೆ ನಾಲ್ಕೇ ಜಾತಿ. ಕಪ್ಪು ತಲೆ, ಬಿಳಿ ತಲೆಯ ಸಣ್ಣ ಚುಕ್ಕಿಗಳು ಸಾಸಿವೆ. ಕೆಂಪಗೆ ಉಬ್ಬಿದರೆ ಹೆಸರುಕಾಳು. ಕೀವು ತುಂಬಿ ಕೆನ್ನೆಯ ತುಂಬ ಹರಡಿದರೆ ಮೆಕ್ಕೆಜೋಳ. ಚರ್ಮದ ಆಳದಲ್ಲಿ ಗಟ್ಟಿ ಗಂಟಾಗಿ, ಮುಟ್ಟಿದರೆ ಜೀವ ಹೋಗುವಂತೆ ನೋಯುವುದು ಒಣಗಿ ಕಲ್ಲಾದ ಇಡಿ ಅಡಿಕೆ, ಗೋಟಡಿಕೆ. ಸಾಸಿವೆಗೆ ಬುದ್ಧಿಮಾತು ಸಾಕು. ಹೆಸರುಕಾಳಿಗೆ ಅಂಗಡಿಯ ಮಾಲೀಕ, ಲೈಸೆನ್ಸ್ ಇರುವ ಫಾರ್ಮಾಸಿಸ್ಟ್ ರಂಗಪ್ಪ ಒಂದು ಜೆಲ್ ಕೊಡುತ್ತಾರೆ. ರಾತ್ರಿ ತೆಳ್ಳಗೆ ಹಚ್ಚಬೇಕು, ಎಂಟು ವಾರ ಕಾಯಬೇಕು, ದಿಂಬಿನ ಕವರಿನ ಬಣ್ಣ ಹೋದರೆ ಅಂಗಡಿಯವರನ್ನು ಬೈಯಬಾರದು. ತಾಳಿದವನು ಬಾಳಿಯಾನು ಎಂಬ ಮಾತನ್ನು ಧನಲಕ್ಷ್ಮಿ ದಿನಕ್ಕೆ ಏಳೆಂಟು ಸಲ ಹೇಳುತ್ತಾರೆ. ಮೆಕ್ಕೆಜೋಳಕ್ಕೆ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಗೋಟಡಿಕೆಯಾದರೆ ಶಿಕಾರಿಪುರದ ಚರ್ಮದ ಡಾಕ್ಟರ ಹತ್ತಿರ ಅಂದೇ ಹೋಗಬೇಕು. ದಿನಕ್ಕೆ ಹತ್ತು ಹನ್ನೆರಡು ಮುಖ ಬಂದರೆ ಆರು ಸಾಸಿವೆ. ಗೋಟಡಿಕೆ ವಾರಕ್ಕೆ ಒಂದೋ ಎರಡೋ.

"ನಾನೇನು ಡಾಕ್ಟ್ರಲ್ರೀ. ಯಾವ ಚೀಲ ಯಾವ ಗಾಡಿಗೆ ಅಂತ ಹೇಳೋಳು ಅಷ್ಟೆ" ಎನ್ನುತ್ತಾರೆ.

ಈ ಚೀಲದ ಮಾತು ಅಪ್ಪನಿಂದ ಬಂದದ್ದು. ತಾಳಗುಂದದ ಕೆಂಪಪ್ಪ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಕಣದಲ್ಲಿ ಕಾಳು ವಿಂಗಡಿಸುತ್ತಿದ್ದವರು. ಒಂದು ಹಿಡಿ ಕಾಳನ್ನು ಬಿಸಿಲಿಗೆ ಹಿಡಿದು ಇಡೀ ಲೋಡಿನ ಜಾತಕ ಹೇಳುತ್ತಿದ್ದರಂತೆ. ಮಗಳು ಜರಡಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಹದಿನಾರನೆಯ ವಯಸ್ಸಿಗೆ ಅವಳ ಕೆನ್ನೆಯಲ್ಲೇ ಗೋಟಡಿಕೆ ಎದ್ದಿತು. ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳಿದರು. ಸುಣ್ಣ ಹಚ್ಚಿದ್ದಾಯಿತು, ಬೆಳ್ಳುಳ್ಳಿ ತಿಕ್ಕಿದ್ದಾಯಿತು, ಹಲ್ಲುಪುಡಿಯೂ ಆಯಿತು. ಗಂಟು ಹೋಯಿತು, ಗುಳಿ ಉಳಿಯಿತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವಳು ಕಾಲೇಜಿಗೆ ಹೋಗದಿದ್ದುದಕ್ಕೆ ಆ ಗುಳಿಗಳೇ ಕಾರಣ. ಈಗ ನಲವತ್ತಾರು ದಾಟಿದೆ, ಆ ಸಂಕಟ ಇನ್ನೂ ಆರಿಲ್ಲ.

ಮೂವತ್ತನೆಯ ವಯಸ್ಸಿಗೆ ಧೈರ್ಯ ಮಾಡಿ ಚರ್ಮದ ಡಾಕ್ಟರಿಗೆ ತೋರಿಸಿದರು. ಹದಿನಾಲ್ಕು ವರ್ಷ ತಡವಾಗಿ ಬಂದಿದ್ದೀಯಮ್ಮ ಎಂದ ಡಾಕ್ಟರ್, ಮೊಡವೆಯ ನಾಲ್ಕು ಹಂತಕ್ಕೆ ನಾಲ್ಕು ಇಂಗ್ಲಿಷ್ ಹೆಸರು ಹೇಳಿ ತಾಳ್ಮೆಯಿಂದ ವಿವರಿಸಿದರು. ಬಸ್ಸು ಆನವಟ್ಟಿ ಮುಟ್ಟುವಷ್ಟರಲ್ಲಿ ಇಂಗ್ಲಿಷ್ ಮರೆತುಹೋಗಿತ್ತು. ನೆನಪಿಗಿರಲೆಂದು ಇಟ್ಟುಕೊಂಡಿದ್ದ ಕಾಳಿನ ಹೆಸರು ಮಾತ್ರ ಉಳಿದವು.

ಅಂಗಡಿ ಸೇರಿ ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಅವರು ಜಗಳ ಕಾಯ್ದಿರುವುದು 'ಮದುವೆ ಟ್ಯೂಬಿ'ನ ಜೊತೆ. ಊರವರು ಹಾಗೆ ಕರೆಯುವ ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಇದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೂರು ದಿನ ಮೊದಲು ಹಚ್ಚಿದರೆ ಮುಖ ಬೆಳ್ಳಗೆ ಹೊಳೆಯುತ್ತದೆ. ಮೂರು ತಿಂಗಳು ಬಿಡದೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮೊದಲಿನ ಎರಡರಷ್ಟಾಗುತ್ತದೆ. ಡಾಕ್ಟರ ಚೀಟಿ ಇಲ್ಲದೆ ಧನಲಕ್ಷ್ಮಿ ಅದನ್ನು ಕೊಡುವುದಿಲ್ಲ. ಗಿರಾಕಿಗಳು ರಸ್ತೆ ದಾಟಿ ಬೇರೆ ಅಂಗಡಿಗೆ ನಡೆಯುವಾಗೆಲ್ಲ ರಂಗಪ್ಪನ ಮುಖ ಹರಳೆಣ್ಣೆ ಕುಡಿದಂತಾಗುತ್ತದೆ.

ಜಗಳ ತುದಿ ಮುಟ್ಟಿದ್ದು ಕಳೆದ ಅಡಿಕೆ ಸುಗ್ಗಿಯಲ್ಲಿ. ಉಳವಿ ಕಡೆಯ ಹೂವಮ್ಮ ತಮ್ಮ ಮೊಮ್ಮಗ ಶರತ್‌ನನ್ನು ಕರೆದುಕೊಂಡು ಬಂದರು. ಹುಡುಗನ ಮುಖ ಇಡಿಯಾಗಿ ಕೆಂಪಡಿಕೆಯ ಬಣ್ಣದಲ್ಲಿತ್ತು. ನಡೆದದ್ದು ಇಷ್ಟು: ಒಂಬತ್ತು ದಿನಕ್ಕೆ ಹೆಣ್ಣು ನೋಡಲು ಹೋಗಬೇಕು, ಮೊಡವೆ ಇಳಿಯುತ್ತಿಲ್ಲ. ಅಜ್ಜಿಗೆ ಅರಿವೆ ಚಿಂತೆ ಎನ್ನುತ್ತದೆ ಗಾದೆ, ಈ ಅಜ್ಜಿಗಿದ್ದದ್ದು ಮೊಮ್ಮಗನ ಮದುವೆಯ ಚಿಂತೆ. ಅಡಿಕೆ ಬೇಯಿಸಿ ಉಳಿದ ಚೊಗರು ಅಡಿಕೆಗೆ ಬಣ್ಣ ಕೂರಿಸಿ ಹೊಳಪು ಕೊಡುವುದಾದರೆ ಮೊಮ್ಮಗನಿಗೆ ಕೊಡದೇ ಇರುತ್ತದೆಯೇ ಎಂದು ಎರಡು ಕೋಟು ಬಳಿದಿದ್ದರು. ಬಣ್ಣವೇನೋ ಚೆನ್ನಾಗಿಯೇ ಕೂತಿತ್ತು. ಸೀಗೆಪುಡಿ, ಸೋಪು, ತೆಂಗಿನ ನಾರು ಯಾವುದಕ್ಕೂ ಜಗ್ಗಿರಲಿಲ್ಲ.

ಹೂವಮ್ಮನಿಗೆ ಮದುವೆ ಟ್ಯೂಬೇ ಬೇಕಿತ್ತು. ಧನಲಕ್ಷ್ಮಿ ಹುಡುಗನ ಕೆನ್ನೆಯ ಮೇಲೆ ಬೆರಳಾಡಿಸಿದರು. ಬಣ್ಣದ ಕೆಳಗೆ ಗಂಟುಗಳು ಸಿಕ್ಕವು.

"ಅಜ್ಜಿ, ಬಣ್ಣ ಇವತ್ತಲ್ಲ ನಾಳೆ ಹೋಗ್ತದ. ಕೆಳಗಿರೋದು ಗೋಟಡಿಕಿ. ಇದಕ್ಕ ಆ ಟ್ಯೂಬು ಹಚ್ಚಿ ಕುಂತ್ರ ನಿಮ್ಮ ಹುಡುಗನ ಮುಖ ನನ್ನ ಮುಖ ಆಗ್ತದ, ನೋಡ್ಕೊಳ್ರಿ."

"ಎಂತ ಮಾತೇ ಇದು? ಈ ಸಂಬಂಧ ತಪ್ಪಿದ್ರೆ ನಿನ್ನ ಅಂಗಡಿ ಮೆಟ್ಲ ಮೇಲೇ ಬಂದು ಕೂರ್ತೀನಿ ನಾನು."

ಮೆಟ್ಟಿಲ ಮೇಲೆ ಅಜ್ಜಿ ಕೂತರೆ ವ್ಯಾಪಾರದ ಗತಿಯೇನು? ಸಂಬಂಧ ತಪ್ಪಿದರೆ ನೀನೂ ಕೆಲಸಕ್ಕೆ ಬರುವುದು ಬೇಡ ಎಂದು ರಂಗಪ್ಪ ಅಲ್ಲಿಯೇ ಘೋಷಿಸಿದರು. ಧನಲಕ್ಷ್ಮಿ ಅರ್ಧ ದಿನ ರಜೆ ಹಾಕಿ ತಾವೇ ಶರತ್‌ನನ್ನು ಶಿಕಾರಿಪುರದ ಬಸ್ ಹತ್ತಿಸಿ ಜೊತೆಗೆ ಹೋದರು. ಎಲ್ಲಿ ಬಯಲಾಟ, ನಿಂದು ಯಾವ ವೇಷ ಎಂದು ಕಂಡಕ್ಟರ್ ಆಸಕ್ತಿಯಿಂದ ವಿಚಾರಿಸಿದರು. ಡಾಕ್ಟರ್ ಮಾತ್ರೆ, ಮುಲಾಮು ಬರೆದು, ಆರು ತಿಂಗಳು ಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಒಂಬತ್ತು ದಿನದ ಮದ್ದು ಅವರಲ್ಲೂ ಇರಲಿಲ್ಲ.

ಹೆಣ್ಣು ನೋಡುವ ಆ ಭಾನುವಾರ ಧನಲಕ್ಷ್ಮಿಯ ಕಣ್ಣು ಫೋನಿನ ಮೇಲೆ, ರಂಗಪ್ಪನ ಕಣ್ಣು ಧನಲಕ್ಷ್ಮಿಯ ಮೇಲೆ. ಕೆಮ್ಮಿನ ಔಷಧಿ ಕೇಳಿದವರಿಗೆ ಬ್ಯಾಂಡೇಜ್ ಬಟ್ಟೆ ಹೋಯಿತು. ಮನೆಗೆ ಹೋಗಿ ಗಂಡನಿಗೆ ಏನು ಹೇಳುವುದು ಎಂದು ಅವರು ಯೋಚಿಸತೊಡಗಿದ್ದರು.

ಅತ್ತ ಶಿಕಾರಿಪುರದ ಹತ್ತಿರದ ಹಳ್ಳಿಯಲ್ಲಿ ಶರತ್ ಚಾಪೆಯ ಮೇಲೆ ಕೂತಿದ್ದ. ಚೊಗರು ಅಲ್ಲಲ್ಲಿ ಬಿಟ್ಟು ಮುಖ ಭೂಪಟದಂತಾಗಿತ್ತು. ಉಪ್ಪಿಟ್ಟಿನ ತಟ್ಟೆ ತಂದ ಅಶ್ವಿನಿ ಅವನನ್ನು ನೋಡಿ ನಿಂತುಬಿಟ್ಟಳು. ಮುಖಕ್ಕೆ ಏನಾಯಿತು ಎಂದು ಎಲ್ಲರೆದುರೇ ಕೇಳಿದಳು. ಬಿಸಿಲು ಎಂದು ಜಾರಿಕೊಳ್ಳಬಹುದಿತ್ತು. ಶರತ್ ಮೊಡವೆಯಿಂದ ಹಿಡಿದು ಕಂಡಕ್ಟರ್ ತನಕ ಒಂದೂ ಬಿಡದೆ ಹೇಳಿದ. ಅಶ್ವಿನಿ ತಟ್ಟೆ ಕೆಳಗಿಟ್ಟು, ಹೊಟ್ಟೆ ಹಿಡಿದು ನಕ್ಕು, ಒಳಗೆ ಓಡಿಹೋದಳು. ಸಂಬಂಧ ಮುರಿಯಿತು ಎಂದು ಹೂವಮ್ಮ ಚಪ್ಪಲಿ ಹುಡುಕುತ್ತಿರುವಾಗ ಅವಳು ವಾಪಸ್ ಬಂದಳು. ಪೌಡರ್ ಪೂರ್ತಿ ತೊಳೆದಿದ್ದಳು. ಗದ್ದದ ತುಂಬ ಮೆಕ್ಕೆಜೋಳ.

"ಆ ಅಕ್ಕ ಅಂಗಡಿ ಎಷ್ಟೊತ್ತಿಗೆ ತೆಗೀತಾರ?" ಎಂದು ಕೇಳಿದಳಂತೆ.

ಸುದ್ದಿಯನ್ನು ಹೂವಮ್ಮನೇ ಫೋನ್ ಮಾಡಿ ತಿಳಿಸಿದರು. ಚೊಗರು ಹಚ್ಚಿದ್ದರಿಂದಲೇ ಸಂಬಂಧ ಕುದುರಿತು ಎಂಬ ಅವರ ವಾದ ಇಂದಿಗೂ ಸಡಿಲಗೊಂಡಿಲ್ಲ. ರಂಗಪ್ಪ ಮದುವೆ ಟ್ಯೂಬಿನ ಡಬ್ಬಿಗಳನ್ನು ಏಜೆಂಟನಿಗೆ ವಾಪಸ್ ಕೊಟ್ಟಿದ್ದಾರೆ, ಕಾಳಿನ ಲೆಕ್ಕ ತಮ್ಮದೇ ಎಂದು ಹೊಸ ಗಿರಾಕಿಗಳಿಗೆ ಹೇಳತೊಡಗಿದ್ದಾರೆ. ಧನಲಕ್ಷ್ಮಿ ಅದನ್ನು ಕೇಳಿಸಿಕೊಂಡೇ ಮುಂದಿನ ಮುಖವನ್ನು ಬಿಸಿಲಿಗೆ ತಿರುಗಿಸುತ್ತಾರೆ.

ವೈಶಾಖದಲ್ಲಿ ಮದುವೆಯಾಯಿತು. ಶರತ್‌ನ ಗಂಟುಗಳು ಇಳಿದಿವೆ, ಎರಡು ಗುಳಿ ಉಳಿದಿವೆ. ಅಶ್ವಿನಿಯ ಗದ್ದವೂ ತಿಳಿಯಾಗುತ್ತಿದೆ. ಮೊನ್ನೆ ಇಬ್ಬರೂ ಮದುವೆಯ ಆಲ್ಬಮ್ ತಂದು ಕೌಂಟರಿನ ಮೇಲೆ ಬಿಚ್ಚಿದರು. ಫೋಟೊಗ್ರಾಫರ್ ಕಂಪ್ಯೂಟರಿನಲ್ಲಿ ಎಲ್ಲರ ಮುಖವನ್ನೂ ಉಜ್ಜಿ ನುಣುಪು ಮಾಡಿದ್ದಾನೆ. ಮದುಮಕ್ಕಳ ಪಕ್ಕದಲ್ಲಿ ನಿಂತ ಧನಲಕ್ಷ್ಮಿಯ ಕೆನ್ನೆಯ ಮೇಲೆ ಒಂದೂ ಗುಳಿಯಿಲ್ಲ. ಮೂವತ್ತು ವರ್ಷದಿಂದ ಕಾಣದ ಆ ಮುಖವನ್ನು ಅವರು ಬಹಳ ಹೊತ್ತು ನೋಡಿದರು. ಕಣ್ಣು ಒದ್ದೆಯಾಯಿತು, ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಆಲ್ಬಮ್ ಮುಚ್ಚಿ ಅಶ್ವಿನಿಯ ಕೈಗಿತ್ತರು.

"ಚಂದ ಅದೀನಿ ಬಿಡವ್ವ. ಆದ್ರ ಈ ಮುಖ ಇಟ್ಕೊಂಡು ಇಲ್ಲಿ ಕುಂತ್ರ ಹಿಚುಕಬ್ಯಾಡ ಅಂದ್ರ ಯಾವ ಹುಡುಗ ಕೇಳ್ತಾನ?"