ಮಾವನವರು ಬೈಕ್ ಆರಿಸಿದ ಬಗೆ

ನಮ್ಮ ಮಾವನವರಿಗೆ ‘ಬೇಡ’ ಎಂದು ಹೇಳಿ ಗೊತ್ತಿಲ್ಲ. ಬೇಡವಾದದ್ದರಲ್ಲಿ ಒಂದು ಐಬು ಹುಡುಕಿ ತೋರಿಸಿ, ಹೆಗಲ ಮೇಲಿನ ಟವೆಲ್ಲು ಝಾಡಿಸಿ, ಮುಂದೆ ನಡೆದುಬಿಡುತ್ತಾರೆ. ಆಯುಷ್ಯವೆಲ್ಲ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರು ಹೆಚ್ಚಾದ ಮೇಲೆ ಸಂತೆ ಬಿಟ್ಟರು, ಆದರೆ ಸಂತೆ ಅವರನ್ನು ಬಿಡಲಿಲ್ಲ. ಕುಕ್ಕರ್ ತಂದರೂ ಅದರ ಸುತ್ತ ಒಂದು ಸುತ್ತು ಹಾಕಿಯೇ ಮಾತಾಡುತ್ತಾರೆ.

ಇಂಥವರನ್ನು ಕಟ್ಟಿಕೊಂಡು ನಾನು ಬೈಕ್ ಕೊಳ್ಳಲು ಹೊರಟಿದ್ದೆ. ಗಡಹಿಂಗ್ಲಜದಲ್ಲಿ ಹೊಸದಾಗಿ ಶುರುವಾದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ನನಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತ್ತು. ಅಲ್ಲಿಯವರೆಗೆ ಮಹಾಗಾಂವದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಊರ ಹೆಂಗಸರ ಜಂಪರ್ ಹೊಲಿಯುತ್ತಿದ್ದವಳು ನಾನು. ಬೆಳಗಿನ ಆರಕ್ಕೆ ಪಾಳಿ. ಆ ಹೊತ್ತಿಗೆ ಮುಟ್ಟಿಸುವ ಬಸ್ಸಿಲ್ಲ. ಸೋಮವಾರ ಆರಕ್ಕೆ ಗೇಟಿನಲ್ಲಿ ಇರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು. ತವರಿನಲ್ಲಿ ಅಣ್ಣನ ಬೈಕ್ ತೆಗೆದುಕೊಂಡು ಕಟಾವಾದ ಕಬ್ಬಿನ ಹೊಲದ ದಾರಿಯಲ್ಲಿ ಬಿದ್ದು ಎದ್ದು ಕಲಿತಿದ್ದೆ, ಲೈಸೆನ್ಸು ಆಗಷ್ಟೇ ಕೈಗೆ ಬಂದಿತ್ತು. ನನ್ನ ಗಂಡ ಕಾಗಲದವರೊಬ್ಬರ ಲಾರಿ ಓಡಿಸುತ್ತಾರೆ, ಮನೆಗಿಂತ ರಸ್ತೆಯ ಮೇಲೆಯೇ ಹೆಚ್ಚು. ಫೋನಿನಲ್ಲಿ ಕೇಳಿದರೆ, "ನಂದೇನೂ ತಕರಾರಿಲ್ಲ. ಅಪ್ಪಾ ಹೂಂ ಅಂದ್ರ ತಗೋ" ಎಂದು ಜಾರಿಕೊಂಡರು. ಹೀಗೆ ನನ್ನ ಕೆಲಸ ಮಾವನವರ ಒಂದು ‘ಹೂಂ’ಗೆ ಬಂದು ನಿಂತಿತು.

ಮೊದಲು ಕೊಲ್ಹಾಪುರಕ್ಕೆ ಹೋದೆವು. ಹಳೆಯ ಗಾಡಿ ಮಾರುವ ದೊಡ್ಡ ಅಂಗಡಿ, ಸಾಲುಸಾಲು ಬೈಕುಗಳು. ನನಗೊಂದು ಕಪ್ಪು ಗಾಡಿ ಭಾಳ ಹಿಡಿಸಿತು. ಮಾವನವರು ಅಂಗಡಿಯವನಿಗೆ ಮರಾಠಿಯಲ್ಲಿ ಕೇಳಿದರು, ಇದನ್ನು ಸಾಕಿದವರು ಯಾರು, ಯಾಕೆ ಮಾರಿದರು ಎಂದು. ಅವನಿಗೆ ಗೊತ್ತಿರಲಿಲ್ಲ. "ಮನಿ ನೋಡದ ಗಾಡಿ ಹೆಂಗ ಹಿಡಿಯೂದವಾ" ಎಂದು ನನ್ನತ್ತ ನೋಡದೆ ಹೇಳಿ ಟವೆಲ್ಲು ಝಾಡಿಸಿದರು.

ಮರುದಿನ ಇಚಲಕರಂಜಿ. ಮಗ್ಗದ ಕೆಲಸ ಮಾಡುವ ಒಬ್ಬರ ಮನೆಯಂಗಳದಲ್ಲಿ ಕೆಂಪು ಬೈಕು ಫಳಫಳ ಹೊಳೆಯುತ್ತಿತ್ತು. ಈ ಸಲ ಮನೆಯೂ ಇತ್ತು, ಮಾಲಕರೂ ಇದ್ದರು, ಚಹಾನೂ ಬಂತು. ನಾನು ಗೆದ್ದೆ ಅಂದುಕೊಂಡೆ. ಮಾವನವರು ಸುತ್ತು ಹಾಕಿ ಪೆಟ್ರೋಲ್ ಟಾಕಿಯ ಎಡಮಗ್ಗುಲಿನ ಒಂದು ಗೀರಿನ ಮೇಲೆ ಬೆರಳಿಟ್ಟರು. ಗೀರು ಸುರುಳಿಯಾಗಿ ತಿರುಗಿತ್ತು. ಎತ್ತಿನ ಆ ಜಾಗದಲ್ಲಿ ಅಂಥ ಸುಳಿ ಇದ್ದರೆ ಅದನ್ನು ಕಟ್ಟಿದ ಮನೆಗೆ ಒಳ್ಳೆಯದಲ್ಲವಂತೆ. ಮಾಲಕರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ವಾಪಸ್ ಬರುವ ಬಸ್ಸಿನಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿ ಹೊಡೆಯುವವಳು ನಾನು, ಹೊಲಿದು ಕೂಡಿಸಿದ ದುಡ್ಡು ನನ್ನದು, ಐಬು ಮಾತ್ರ ಅವರದು. ಸೊಸೆ ಗಾಡಿ ಹೊಡೆಯುವುದೇ ಅವರಿಗೆ ಬೇಡವಾಗಿರಬೇಕು, ಅದನ್ನು ಹೇಳಲು ಬಾಯಿ ಬಾರದೆ ಸುಳಿ ಹುಡುಕುತ್ತಿದ್ದಾರೆ ಎಂದು ನನಗೆ ಗಟ್ಟಿಯಾಗಿ ಅನಿಸಿತು.

ಉಳಿದದ್ದು ಭಾನುವಾರ ಒಂದೇ. ಮುರಗೂಡದಲ್ಲಿ ಹಿಟ್ಟಿನ ಗಿರಣಿಯವರೊಬ್ಬರು ಮೊಣಕಾಲು ನೋವಿನಿಂದ ಬೈಕ್ ಬಿಟ್ಟು ಸ್ಕೂಟರಿಗೆ ಬದಲಾಗುತ್ತಿದ್ದರು. ಅವರ ಬೈಕು ನೋಡಿದಾಗ ನನಗೆ ನಗುವೇ ಬಂತು. ಮೂಲ ಬಣ್ಣ ಯಾವುದೋ ದೇವರಿಗೇ ಗೊತ್ತು, ಸಂದುಸಂದಿನಲ್ಲಿ ಜೋಳದ ಹಿಟ್ಟು. ಮಾವನವರು ಮಾತ್ರ ಖುಷಿಯಾದರು. ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಜ್ವರ ಇಲ್ಲ" ಎಂದರು. ಗಿರಣಿಯವರನ್ನೇ ಹತ್ತಿಸಿ ಅಂಗಳದಲ್ಲಿ ಸುತ್ತು ಹೊಡೆಸಿದರು. ನಡಿಗೆ ನೋಡಬೇಕಂತೆ. ನಾನೂ ಓಡಿಸಿ ನೋಡಿದೆ. ಕ್ಲಚ್ಚು ಮೆತ್ತಗಿತ್ತು, ಬ್ರೇಕು ಸರಿಯಾಗಿ ಹಿಡಿಯುತ್ತಿತ್ತು, ಹ್ಯಾಂಡಲ್ಲು ಒಂದು ಕಡೆಗೆ ಎಳೆಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇಷ್ಟವಾಯಿತು, ಆದರೆ ಮುಖದ ಮೇಲೆ ತೋರಿಸಲಿಲ್ಲ.

ಆಮೇಲೆ ಮಾವನವರು ಹೆಗಲಿನ ಟವೆಲ್ಲು ತೆಗೆದು ಗಿರಣಿಯವರ ಕೈಮೇಲೆ ಹೊದಿಸಿ, ಅದರ ಕೆಳಗೆ ತಮ್ಮ ಕೈ ತೂರಿಸಿದರು. ದನದ ಸಂತೆಯಲ್ಲಿ ರೇಟು ಮಾತಾಡುವುದೇ ಹಾಗೆ. ಬಾಯಿ ಮುಚ್ಚಿರುತ್ತದೆ, ಬೆರಳು ಹಿಡಿದು ಅದುಮಿದ್ದೇ ಲೆಕ್ಕ, ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಈ ಮರಾಠಿ ಸೀಮೆಯಲ್ಲಿ ಗಿರಣಿಯವರೂ ನಮ್ಮಂತೆ ಕನ್ನಡದ ಒಕ್ಕಲು ಮನೆಯವರು. ಮೊದಲು ಬೆಚ್ಚಿದರು, ಆಮೇಲೆ ಅವರ ಕಣ್ಣು ಅರಳಿತು.

"ಅಣ್ಣಾರ, ನಮ್ಮಪ್ಪ ಹೋದ ಮ್ಯಾಲ ಹಿಂಗ ನನ್ನ ಬೆರಳು ಯಾರೂ ಹಿಡದಿಲ್ಲ ನೋಡ್ರಿ" ಎಂದರು.

ಟವೆಲ್ಲಿನ ಕೆಳಗೆ ಬಹಳ ಹೊತ್ತು ಏನೇನೋ ನಡೆಯಿತು. ಒಮ್ಮೆ ಇವರು ತಲೆಯಾಡಿಸಿದರು, ಒಮ್ಮೆ ಅವರು ನಕ್ಕರು. ನನ್ನ ಬೈಕಿನ ರೇಟು ನನಗೊಬ್ಬಳಿಗೇ ಗೊತ್ತಿಲ್ಲದಂತೆ ಕುದುರಿತು. ಚಹಾ ಕುಡಿಯುವಾಗ ಕೇಳಿದರೆ, ನನ್ನ ಹತ್ತಿರ ಇರುವುದು ಇಷ್ಟೇ ಎಂದು ನಾನು ಬಸ್ಸಿನಲ್ಲಿ ಹೇಳಿದ್ದಕ್ಕಿಂತ ಕಡಿಮೆಗೇ ಆಗಿತ್ತು. ನಾನು ಸಿಟ್ಟು ಮಾಡಿಕೊಳ್ಳಲು ಜಾಗವೇ ಉಳಿಯಲಿಲ್ಲ.

ಕಾಗದಪತ್ರ ಕೈಗಿಡುವಾಗ ಗಿರಣಿಯವರು ಒಳಗಿನಿಂದ ತಮ್ಮ ಹೆಲ್ಮೆಟ್ಟನ್ನೂ ತಂದರು. "ತಂಗಿ, ಇದನ್ನೂ ತಗೋ. ಇದಕ್ಕ ರೊಕ್ಕ ಬ್ಯಾಡ." ನಾನು ಕೈ ಚಾಚಿಯೇಬಿಟ್ಟಿದ್ದೆ. ಮಾವನವರು ನಡುವೆ ಬಂದರು.

"ಅದು ನಿಮ್ಮ ಹಂತ್ಯಾಕ ಇರಲ್ರಿ. ದನಾ ಕೊಂಡ್ರ ಅದರ ಹಗ್ಗ ಯಾರರ ಒಯ್ತಾರೇನು?"

ನಮ್ಮ ಕಡೆ ಎತ್ತು ಮಾರಿದವರು ಹಗ್ಗ ಬಿಚ್ಚಿ ತಾವೇ ಇಟ್ಟುಕೊಳ್ಳುತ್ತಾರೆ, ಕೊಂಡವರು ತಮ್ಮ ಹೊಸ ಹಗ್ಗ ಕಟ್ಟಿಯೇ ಎತ್ತನ್ನು ಹೊರಡಿಸುತ್ತಾರೆ. ಗಿರಣಿಯವರು ತಕ್ಷಣ, "ಹೌದ್ರಿ, ಅದೂ ಖರೇನ" ಎಂದು ಹೆಲ್ಮೆಟ್ಟನ್ನು ಒಳಗೆ ಒಯ್ದೇಬಿಟ್ಟರು. ಬೇರೆಯವರ ತಲೆಯ ಹೆಲ್ಮೆಟ್ಟು, ಅದೆಷ್ಟು ಸಲ ಬಿದ್ದಿತ್ತೋ ಏನೋ, ತೆಗೆದುಕೊಳ್ಳಬಾರದು ಎಂದು ಡ್ರೈವಿಂಗ್ ಕ್ಲಾಸಿನಲ್ಲಿ ನನಗೂ ಹೇಳಿದ್ದರು. ಪುಕ್ಕಟೆ ಅಂದ ಕೂಡಲೇ ಮರೆತಿದ್ದೆ. ಇಬ್ಬರ ಕಾರಣ ಬೇರೆಬೇರೆಯಾದರೂ ಪೇಟೆಯ ಹೆಲ್ಮೆಟ್ ಅಂಗಡಿಗೆ ಕೂಡಿಯೇ ಹೋದೆವು.

ಅಂಗಡಿಯಲ್ಲಿ ಅವರು ಹೆಲ್ಮೆಟ್ಟುಗಳನ್ನು ಮಡಕೆಯಂತೆ ಬಡಿದು ನೋಡುತ್ತಿದ್ದರೆ, ನಾನು ಐಎಸ್‌ಐ ಗುರುತು ನೋಡಿ, ಪಟ್ಟಿ ಎಳೆದು, ಒಂದನ್ನು ಆರಿಸಿದೆ. ಅದು ತಲೆಗೆ ಇಳಿಯಲಿಲ್ಲ. ತುರುಬು ಅಡ್ಡ ಬಂತು. ಬಿಚ್ಚಿ ಜಡೆ ಹೆಣೆಯಬೇಕು, ಮಾವನ ಎದುರು ಸೊಸೆ ಕೂದಲು ಬಿಚ್ಚುವುದೆಂದರೇನು? ನಮ್ಮ ಮನೆಯಲ್ಲಿ ನಾನು ಅವರೆದುರು ಕುರ್ಚಿಯ ಮೇಲೆ ಕುಳಿತವಳಲ್ಲ. ಒಂದು ಕೈಯಲ್ಲಿ ಹೆಲ್ಮೆಟ್ ಹಿಡಿದು ಇನ್ನೊಂದರಿಂದ ತುರುಬು ಮುಟ್ಟಿಕೊಂಡೆ. ಮಾವನವರಿಗೆ ಅರ್ಥವಾಯಿತು. ಗೋಡೆಯ ಕಡೆ ತಿರುಗಿ ಅಲ್ಲಿದ್ದ ಟೈರುಗಳ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದತೊಡಗಿದರು. ನಾನು ಜಡೆ ಹೆಣೆದು ಮುಗಿಸಿದ್ದು ಅವರಿಗೆ ಹೇಗೆ ತಿಳಿಯಿತೋ, ಗೋಡೆಗೇ ಹೇಳಿದರು:

"ಇನ್ನೊಂದು ಕೊಡ್ರಿ. ನನ್ನ ತಲಿಗಿ ಕೂಡೂವಂಥಾದ್ದು."

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡೆ. "ಮಾವಾರ, ನೀವು ಬಸ್ಸಿಗೆ ಬರ್ರಿ. ನಾ ಸಾವಕಾಶ ಬರ್ತೇನಿ" ಎಂದೆ.

"ಹೊಸಾ ಎತ್ತು ಮನಿ ಮುಟ್ಟೂತನಾ ದಲ್ಲಾಳಿ ಜೋಡಿ ಇರಬೇಕಾಗ್ತದ" ಎಂದರು. ಗಾಂಧಿ ಟೊಪ್ಪಿಗೆ ಮಡಚಿ ಕಿಸೆಗಿಟ್ಟು ಹೆಲ್ಮೆಟ್ ಹಾಕಿಕೊಂಡರು.

ಹಿಂದೆ ಯಾರನ್ನೂ ಕೂರಿಸಿಕೊಂಡು ನಾನು ಎಂದೂ ಗಾಡಿ ಹೊಡೆದಿರಲಿಲ್ಲ, ಹಾಗೆ ಕುಳಿತ ಮೊದಲಿಗರೇ ಮಾವನವರು. ಮುರಗೂಡ ದಾಟುವಷ್ಟರಲ್ಲಿ ಗಾಡಿ ಎರಡು ಸಲ ಬಂದ್ ಬಿತ್ತು. ಹಿಂದಿನಿಂದ ಒಂದೇ ಮಾತು ಬಂತು, "ಹೊಸಾ ಜಾಗಾ ಅದಕ. ಹೆದರಸಬ್ಯಾಡ." ಬೈಕಿಗೆ ಹೇಳಿದರೋ ನನಗೆ ಹೇಳಿದರೋ ಕೇಳಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆಯೇ ಬಂದೆವು. ಗಡಹಿಂಗ್ಲಜ ದಾಟಿದ ಮೇಲೆ ನನ್ನ ಕೈ ಬಿಗಿ ಸಡಿಲಿತು. ಹಾಡಬೇಕು ಅನಿಸಿತು, ಮಾವನವರು ಹಿಂದಿದ್ದರೆಂದು ಸುಮ್ಮನಾದೆ.

ಊರು ಇನ್ನೇನು ಬಂತು ಅನ್ನುವಾಗ ನನ್ನ ಹೆಗಲಿಗೆ ಟವೆಲ್ಲಿನ ತುದಿ ತಾಗಿತು. ನಿಲ್ಲಿಸು ಎಂದು ಅರ್ಥ. ನಿಲ್ಲಿಸಿದೆ. ಅವರು ಕೆಳಗಿಳಿದು ಧೋತರ ಸರಿಮಾಡಿಕೊಂಡರು. ನನಗೆ ಅರ್ಥವಾಯಿತು. ಭಾನುವಾರದ ಸಂಜೆ, ಊರ ಕಟ್ಟೆಯ ಮೇಲೆ ಅವರ ವಾರಿಗೆಯವರೆಲ್ಲ ಕುಳಿತಿರುತ್ತಾರೆ. ಸೊಸೆಯ ಹಿಂದೆ ಕುಳಿತು ಅವರ ಮುಂದೆ ಹಾಯುವುದು ಹೇಗೆ, ಇಲ್ಲಿಂದ ನಡೆದು ಬರುತ್ತಾರೆ. ಸಂಕಟವಾಯಿತು. ಇಷ್ಟು ದೂರ ಬಂದದ್ದೇ ದೊಡ್ಡದು ಎಂದು ನನಗೆ ನಾನೇ ಹೇಳಿಕೊಂಡು, "ನಾ ಮುಂದ ಹೋಗಲ್ರಿ?" ಎಂದು ಕೇಳಿದೆ.

ಮಾವನವರು ಹೆಲ್ಮೆಟ್ಟಿನ ಮುಂದಿನ ಗಾಜಿನ ಮೇಲೆ ಬೆರಳಾಡಿಸುತ್ತಿದ್ದರು. "ಈ ಕಾಚ ಮ್ಯಾಲ ಹೆಂಗ ಎತ್ತೂದು, ತೋರಸು."

ನಾನು ಎತ್ತಿಕೊಟ್ಟೆ. ಒಳಗಿನಿಂದ ಅವರ ಬಿಳಿ ಮೀಸೆ, ಹಣೆಯ ವಿಭೂತಿ ಕಂಡವು. ಅವರು ಮತ್ತೆ ಹತ್ತಿ ಕುಳಿತು, ಟವೆಲ್ಲು ಝಾಡಿಸಿ ಹೆಗಲ ಮೇಲೆ ಹಾಕಿಕೊಂಡರು.

"ಹೂಂ, ಹೊಡಿ ಈಗ. ಹಿಂದ ಯಾರ ಕುಂತಾರ ಅನ್ನೂದು ಮಂದಿಗೆ ಕಾಣಬೇಕಲ್ಲ."