ಮದ್ದಿನವನ ಕೆಂಪು ಬಾವುಟ

ಬಂಡೆ ಸಿಡಿಸುವ ಮದ್ದಿನವನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ನನ್ನ ಗಂಡ ಸತ್ತ ದಿನ. ರಸ್ತೆಯ ತಿರುವಿನಲ್ಲಿ ನಮ್ಮದು ಪಂಕ್ಚರ್ ಅಂಗಡಿ. ಗುಡ್ಡದ ಕ್ವಾರಿಯಲ್ಲಿ ಬಂಡೆ ಸಿಡಿಸಿದಾಗ ಮುಷ್ಟಿಗಾತ್ರದ ಕಲ್ಲೊಂದು ಹಾರಿ ಬಂದು, ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ ನನ್ನ ಗಂಡನ ನೆತ್ತಿಗೆ ಬಡಿಯಿತು. ಪೊಲೀಸರು ವಿಚಾರಿಸಿದರೆ, ಸಿಡಿಸಿದವನು ಅಂಗಡಿ ತಾನು ನೆಟ್ಟ ಅಪಾಯದ ಬಾವುಟದಿಂದ ಆಚೆಗಿತ್ತು, ಅಳತೆ ಸರಿಯಾಗೇ ಇದೆ ಎಂದನಂತೆ. ಅವರೂ ಹೂಂ ಎಂದು ಹೊರಟುಹೋದರು. ಅದೇ ಬಾಯಿಂದ ತಪ್ಪು ಎನ್ನಿಸದೆ ಬಿಡುವುದಿಲ್ಲ ಎಂದು ಅಂದೇ ಹಟ ಹಿಡಿದೆ.

ಬಡಕಲು ಮನುಷ್ಯ, ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ. ಸಿಡಿಮದ್ದಿನ ಸದ್ದಿಗೆ ಕಿವಿ ಮಂದವಾಗಿ, ಅವನು ಗುಟ್ಟು ಹೇಳಿದರೂ ಊರಿಗೆಲ್ಲ ಕೇಳುತ್ತಿತ್ತು. ಕುಳಿಗೆ ಮದ್ದು ತುಂಬಿದ ಮೇಲೆ ರಸ್ತೆಗಿಳಿದು ಕೆಂಪು ಬಾವುಟ ನೆಡುತ್ತಿದ್ದ. ಅದರೊಳಗೆ ನರಪಿಳ್ಳೆಯೂ ಇರಬಾರದು, ಅದರಾಚೆ ಭಯವಿಲ್ಲ ಎಂದು ಲೆಕ್ಕ. ಬಾವುಟ ತಿರುವು ದಾಟಿದರೆ ದೊಡ್ಡ ರಸ್ತೆಯನ್ನೇ ತಡೆಯಬೇಕು, ಜಲ್ಲಿ ಲಾರಿಗಳು ನಿಲ್ಲಬೇಕು. ಅದಕ್ಕೇ ಕ್ವಾರಿಯ ಸಾಹುಕಾರ ಅದನ್ನು ತಿರುವಿಗೆ ಮುಂಚೆಯೇ ಹಾಕಿಸಿದ್ದ.

ಮುಂದಿನ ಸಲ ಸೈರನ್ ಕೂಗಿದಾಗ ನಾನು ಹೋಗಿ ಗಂಡ ಸತ್ತ ಜಾಗದಲ್ಲೇ ಕುಳಿತೆ. ಮದ್ದಿನವನು ಓಡಿ ಬಂದ.

“ಅಕ್ಕ, ಎದ್ದು ಹೋಗು.”

“ಬಾವುಟದ ಆಚೆಗೇ ಇದೀನಲ್ಲಪ್ಪ. ನಿನ್ನ ಅಳತೆ ಸರಿ ತಾನೆ? ಸ್ವಿಚ್ ಒತ್ತು.”

ಗುಡ್ಡ ಹತ್ತಿ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತ ನಿಂತ. ಒತ್ತಲಿಲ್ಲ. ಒದ್ದೆಯಾಗಿರೋದು ಮದ್ದಾ, ನಿನ್ನ ಚಡ್ಡೀನಾ ಎಂದು ಲಾರಿಯವರು ಕಿಚಾಯಿಸಿದರು. ಬಾವುಟ ಕಿತ್ತು ಇನ್ನಷ್ಟು ದೂರ ನೆಟ್ಟ. ನಾನು ಅದರಾಚೆ ಹೋಗಿ ಕುಳಿತೆ. ಮತ್ತೆ ಅವನಿಗೆ ಕೈ ಬರಲಿಲ್ಲ. ಅವನು ಬೆವರುವುದನ್ನು ನೋಡಿದ ಮೇಲೆಯೇ ನನಗೆ ಊಟ ಸೇರತೊಡಗಿದ್ದು. ಹೀಗೇ ದಿನಗಳು ಕಳೆದು, ಕೊನೆಗೆ ತಿರುವು ದಾಟಿ ಸೇತುವೆಯ ಹತ್ತಿರ ನೆಟ್ಟಾಗ ಒತ್ತಿದ. ನನ್ನ ಸೆರಗಿಗೆ ಧೂಳೂ ಮೆತ್ತಲಿಲ್ಲ.

ಲಾರಿಗಳು ಸಾಲುಗಟ್ಟಿ ನಿಂತದ್ದು ಕಂಡು ಸಾಹುಕಾರ ಉರಿದುಬಿದ್ದ. ಇಷ್ಟು ದೂರ ಯಾರು ಹಾಕು ಅಂದರು ಎಂದು ಕೇಳಿದ.

ಮದ್ದಿನವನು ಎಲ್ಲರೆದುರೂ ಹೇಳಿದ: “ಹಳೇ ಜಾಗ ತಪ್ಪಿತ್ತು ಸಾರ್. ಈ ಅಕ್ಕನ ಯಜಮಾನ್ರು ಸತ್ತಿದ್ದು ನನ್ನಿಂದ. ನಿಮ್ಮಿಂದಾನೂ.”

ನಿಂತ ಕಾಲಲ್ಲೇ ಅವನ ಕೆಲಸ ಹೋಯಿತು. ನನ್ನ ಎದೆ ತಣ್ಣಗಾಯಿತು. ಅಯ್ಯೋ ಪಾಪ ಎಂದು ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ.

ಊರು ಬಿಡುವ ಮುಂಚೆ ನನ್ನ ಬಾಗಿಲಿಗೆ ಬಂದ. ಕೂತುಕೋ ಎನ್ನಲಿಲ್ಲ, ನೀರೂ ಕೊಡಲಿಲ್ಲ. ಕ್ಷಮಿಸು ಎಂದು ಬಾಯಿ ಬಿಟ್ಟರೆ ಮುಖಕ್ಕೇ ಬಾಗಿಲು ಹಾಕಬೇಕೆಂದು ಚಿಲಕ ಹಿಡಿದೇ ನಿಂತಿದ್ದೆ. ಅದನ್ನು ಅವನು ಕೇಳಲಿಲ್ಲ. ಹೊಸಬ ಬಂದಿದ್ದಾನೆ, ಬಾವುಟವನ್ನು ಮತ್ತೆ ಹಳೆಯ ಜಾಗದಲ್ಲೇ ನೆಟ್ಟಿದ್ದಾನೆ ಎಂದ. ನಾಳೆ ಅವನ ಸರದಿ, ಅಲ್ಲೇ ಹೋಗಿ ಕೂರ್ತೀನಿ ಎಂದು ನಾನು ಹಲ್ಲು ಕಡಿದೆ.

“ನಾನಾದ್ರೂ ಒತ್ತಲಿಲ್ಲ. ಇವನು ಒತ್ತಿಬಿಡ್ತಾನೆ. ಅಲ್ಲಿ ಕೂರಲ್ಲ ಅಂತ ಮಾತು ಕೊಡಕ್ಕ.”